ಬಾಯಿ ಕಾಣದ ಕಾರು

ಅದಕ್ಕೆ ನಾನೇ ಒಂದು ಹೆಸರಿಟ್ಟಿದ್ದೆ. ಕಿವಿಗೆ ಹಾಕಿಕೊಳ್ಳುವ ಒಡವೆಯ ಹೆಸರು. ಬೆಂಡೋಲೆ ಅಲ್ಲ. ಜುಮುಕಿಯಂತೂ ಅಲ್ಲವೇ ಅಲ್ಲ. ಲೋಲಾಕು? ಊಹೂಂ. ನಾಲಿಗೆಯ ತುದಿವರೆಗೆ ಬಂದು ಮತ್ತೆ ಒಳಗೆ ಹೋಗಿ ಕೂತುಬಿಡುತ್ತದೆ. ಮಗನ ಮನೆ ಅಂತ ಈ ಜಬಲ್ಪುರಕ್ಕೆ ಬಂದು ಮೂವತ್ತು ವರ್ಷವಾಯಿತು. ಇಲ್ಲಿ ಅಂಥ ಪದವನ್ನು ಯಾರ ಹತ್ತಿರ ಕೇಳಲಿ?

ಇರಲಿ, ಬಂದಾಗ ಬರಲಿ. ಹೇಳಬೇಕಾದದ್ದು ಕಾರಿನ ಕತೆ. ಕಾರಿನ ಹೊಟ್ಟೆಗೆ ಪೆಟ್ರೋಲು ಎಲ್ಲಿಂದ ಹಾಕಬೇಕು, ಅದು ಎಲ್ಲಿ ಹರಿಯಬೇಕು ಎನ್ನುವ ವಿಷಯದಲ್ಲಿ ಅಮೆರಿಕದ ಇಂಜಿನಿಯರುಗಳು ಕೂತು ಏನೇನು ಚೇಷ್ಟೆ ಮಾಡಿದರೋ, ಅವೆಲ್ಲ ಸಮುದ್ರ ದಾಟಿ ಬಂದು ಬಳ್ಳಾರಿಯಲ್ಲಿ ನಮ್ಮ ಮನೆಯ ಮೇಲೇ ಬೀಳುತ್ತಿದ್ದವು. ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು.

ನಮ್ಮನೆಯವರು ಡ್ರೈವರ್. ಸತ್ಯನಾರಾಯಣಪೇಟೆಯಲ್ಲಿ ಹತ್ತಿ ಬಿಡಿಸುವ ಜಿನ್ನಿನ ಒಬ್ಬ ಸಾಹುಕಾರರ ಕಾರು ಓಡಿಸುತ್ತಿದ್ದರು. ಸಾಹುಕಾರರ ಮನೆಯ ಹಿತ್ತಲಲ್ಲಿ, ಕಾರಿನ ಕೊಟ್ಟಿಗೆಗೆ ಅಂಟಿಕೊಂಡಂತೆ ಎರಡು ಕೋಣೆ. ಅದೇ ನಮ್ಮ ಮನೆ. ಸ್ಟೀರಿಂಗು ಅವರ ಕೈಯಲ್ಲಿ ಇರುವ ತನಕ ಅದು ನಮ್ಮದು. ಕೈಬಿಟ್ಟ ದಿನ ಪಾತ್ರೆ ಪಡಗ ಕಟ್ಟಿಕೊಂಡು ಹೊರಡಬೇಕು. ಇಷ್ಟು ತಿಳಿದಿದ್ದರೆ ಮುಂದಿನದೆಲ್ಲ ತಿಳಿಯುತ್ತದೆ.

ಸೊಟ್ಟ ಕುತ್ತಿಗೆಯ ವರ

ಸಾಹುಕಾರರ ಮೊದಲ ಕಾರು ನನ್ನ ಮದುವೆಗಿಂತ ಮುಂಚಿನದು. ಯುದ್ಧದ ಕಾಲಕ್ಕೇ ಅದು ಮುದುಕಿಯಾಗಿತ್ತು. ಕಪ್ಪು ಬಣ್ಣ, ಬಟ್ಟೆಯ ಟಾಪು, ಜಟಕಾದಂಥ ತೆಳ್ಳನೆಯ ಗಾಲಿ. ಅದರ ಪೆಟ್ರೋಲಿನ ತೊಟ್ಟಿ ಇದ್ದದ್ದು ಮುಂದಿನ ಸೀಟಿನ ಕೆಳಗೆ. ಅಲ್ಲಿಂದ ಇಂಜಿನ್ನಿಗೆ ಎಳೆದು ಕೊಡಲು ಪಂಪು ಗಿಂಪು ಏನೂ ಇರಲಿಲ್ಲ. ಕಾಲುವೆಯ ನೀರಿನ ಹಾಗೆ ತಾನಾಗಿ ಹರಿದು ಹೋಗಬೇಕು. ಸಪಾಟು ರಸ್ತೆಯಲ್ಲಿ ಸರಿ. ಏರು ಬಂತೆಂದರೆ ಇಂಜಿನ್ನು ಮೇಲೆ, ತೊಟ್ಟಿ ಕೆಳಗೆ. ಪೆಟ್ರೋಲು ಮೇಲಕ್ಕೆ ಹತ್ತುತ್ತದೆಯೇ? ಕಾರು ಎರಡು ಸಲ ಕೆಮ್ಮಿ ನಿಲ್ಲುತ್ತಿತ್ತು. ಅದಕ್ಕೆ ಇದ್ದ ಉಪಾಯ ಒಂದೇ. ಕಾರನ್ನು ತಿರುಗಿಸಿ ಹಿಮ್ಮುಖವಾಗಿ ಏರು ಹತ್ತಿಸುವುದು. ಆಗ ತೊಟ್ಟಿ ಮೇಲೆ, ಇಂಜಿನ್ನು ಕೆಳಗೆ.

ನನ್ನ ತವರು ಕುರುಗೋಡು. ಗುಡ್ಡದ ಬುಡದಲ್ಲಿ, ಏರು ಓಣಿಯಲ್ಲಿ ಮನೆ. ನಮ್ಮ ಎದುರು ಮನೆಯ ಹುಡುಗಿಯನ್ನು ನೋಡಲು ಸಾಹುಕಾರರು ತಮ್ಮ ಭಾವಮೈದುನನನ್ನು ಕರೆದುಕೊಂಡು ಬಂದರು. ಆತ ಮದ್ರಾಸಿನಲ್ಲಿ ಓದಿ, ಸೂಟು ಹೊಲಿಸಿಕೊಂಡು ಬಂದಿದ್ದವನು. ಕಾರು ಬರುತ್ತದೆ ಅಂತ ಓಣಿಯ ಜನವೆಲ್ಲ ಕಟ್ಟೆಯ ಮೇಲೆ. ಕಾಲಿಗೆ ನೀರು ಕೊಡಲು ಹುಡುಗಿಯ ಅಣ್ಣ ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದ. ಕಾರು ಬಂತು. ಹಿಂಭಾಗ ಮುಂದೆ ಮಾಡಿಕೊಂಡು ಬಂತು. ವರ, ವರನ ಭಾವ, ಎಲ್ಲರೂ ಹೆಣ್ಣಿನ ಮನೆಗೆ ಬೆನ್ನು ಹಾಕಿ ಕೂತು, ಬಿಟ್ಟುಬಂದ ರಸ್ತೆಯನ್ನು ನೋಡುತ್ತಾ, ಗಂಭೀರವಾಗಿ ಹಿಂದಕ್ಕೆ ಹಿಂದಕ್ಕೆ ಬಂದರು.

ಹುಡುಗಿಯ ಅಜ್ಜ ಎದ್ದು ನಿಂತ. "ಏನ್ಲೇ ಇದು! ಬರೋರೇ ಬೆನ್ನು ತೋರಿಸ್ಕೊಂತ ಬರ್ತಾರಂದ್ರ, ನಾಳಿ ನಮ್ಮ ಹುಡುಗಿನ್ನ ಹೆಂಗ ನೋಡ್ಕೊಂತಾರ?"

"ಅಜ್ಜಾರ, ಏರು ಐತ್ರಿ, ಪೆಟ್ರೋಲು ಹತ್ತಂಗಿಲ್ರಿ," ಎಂದರು ಡ್ರೈವರು.

"ಹತ್ತಲಿಲ್ಲಂದ್ರ ನಡಕೊಂತ ಬರಬೇಕು. ಕಾಲು ಅದಾವಿಲ್ಲ?"

ಒಪ್ಪಿಗೆಯ ಮಾತು ಅಲ್ಲಿಗೇ ಮುಗಿಯಿತು. ಉಪ್ಪಿಟ್ಟೂ ಸಿಗಲಿಲ್ಲ. ಭಾವಮೈದುನ ಅವತ್ತು ಡ್ರೈವರನ್ನು ನೋಡಿದ ನೋಟ ಮುಂದೆ ಏಳೆಂಟು ವರ್ಷ ಹಾಗೇ ಇತ್ತು. ಇದನ್ನೂ ನೆನಪಿಟ್ಟುಕೊಳ್ಳಿ.

ನಾನು ಆ ದಿನ ನಮ್ಮ ಕಟ್ಟೆಯ ಮೇಲಿಂದ ಕಂಡದ್ದು ಡ್ರೈವರಿನ ಕುತ್ತಿಗೆಯನ್ನು. ಹಿಂದಕ್ಕೆ ಓಡಿಸಬೇಕಲ್ಲ, ಓಣಿ ಉದ್ದಕ್ಕೂ ಮುಖವನ್ನು ಭುಜದ ಮೇಲೆ ತಿರುವಿಕೊಂಡೇ ಬಂದಿದ್ದರು. ಆರು ತಿಂಗಳ ಮೇಲೆ ಅವರ ಕಡೆಯಿಂದಲೇ ನನ್ನನ್ನು ಕೇಳಿಕೊಂಡು ಬಂದಾಗ ನಮ್ಮವ್ವ ಒಲೆಯ ಮುಂದಿನಿಂದಲೇ ಕೂಗಿದಳು. "ಆ ಸೊಟ್ಟ ಕುತ್ತಿಗಿ ಹುಡುಗನಾ? ಬ್ಯಾಡ್ರಿ!"

ಕುತ್ತಿಗೆ ನೆಟ್ಟಗೇ ಇದೆ ಅಂತ ಸಂಬಂಧ ತಂದವರು ಆಣೆ ಮಾಡಿದರು. ಅಪ್ಪ ನಂಬಲಿಲ್ಲ. ಕೊನೆಗೆ ಡ್ರೈವರೇ ಬಂದು ನಮ್ಮ ಅಂಗಳದಲ್ಲಿ ನಿಲ್ಲಬೇಕಾಯಿತು. ಅಪ್ಪ ಎತ್ತನ್ನು ಕೊಳ್ಳುವವರ ಹಾಗೆ ಸುತ್ತ ಒಂದು ಸುತ್ತು ಬಂದ.

"ಬಲಕ್ಕ ತಿರುಗಿಸಪ್ಪ." ತಿರುಗಿಸಿದರು.

"ಎಡಕ್ಕ." ತಿರುಗಿಸಿದರು.

"ಮ್ಯಾಲ ನೋಡು." ನೋಡಿದರು. ಮೇಲೆ ಮಾಳಿಗೆಯ ಗವಾಕ್ಷಿಯಲ್ಲಿ ನಾನು ಇಣುಕುತ್ತಿದ್ದೆ. ಅವರ ಕುತ್ತಿಗೆ ಮತ್ತೆ ಕೆಳಗಿಳಿಯಲಿಲ್ಲ.

"ಅಯ್ಯಯ್ಯೋ, ಹಿಡ್ಕೊಂತು ನೋಡ್ರಿ!" ಎಂದಳು ನಮ್ಮವ್ವ.

ದೊಡ್ಡವ್ವನ ಅಳತೆ

ಮದುವೆಯಾಗಿ ಬಳ್ಳಾರಿಗೆ ಬಂದ ಮೇಲೆ ನಾನು ಮೊದಲು ಹೆದರಿದ್ದು, ಆಮೇಲೆ ಎಲ್ಲರಿಗಿಂತ ಹೆಚ್ಚು ಹಚ್ಚಿಕೊಂಡದ್ದು ಸಾಹುಕಾರರ ತಾಯಿಯನ್ನು. ಎಲ್ಲರಿಗೂ ಅವರು ದೊಡ್ಡವ್ವ. ಭಾರಿ ಮೈ. ಹಿಂದೆ ಕೂತರೆ ತಲೆ ತಿರುಗುತ್ತದೆ ಅಂತ ಆ ಹಳೆಯ ಕಾರಿನಲ್ಲಿ ಮುಂದೆಯೇ ಕೂರುವರು. ಅಂದರೆ ಸರಿಯಾಗಿ ಪೆಟ್ರೋಲಿನ ಮೇಲೆ.

ತೊಟ್ಟಿಯಲ್ಲಿ ಎಷ್ಟಿದೆ ಎಂದು ನೋಡಲು ಆ ಕಾರಿನಲ್ಲಿ ಮುಳ್ಳಿರಲಿಲ್ಲ. ಸೀಟಿನ ಮೆತ್ತೆ ಎತ್ತಿ, ಮುಚ್ಚಳ ತೆಗೆದು, ಕಡ್ಡಿ ಅದ್ದಿ ನೋಡಬೇಕು. ಮೆತ್ತೆ ಎತ್ತಬೇಕಾದರೆ ದೊಡ್ಡವ್ವ ಏಳಬೇಕು. ಅವರು ಇಳಿಯಲು ಇಬ್ಬರು, ಹತ್ತಲು ಮೂವರು. ಯುದ್ಧದ ಕಾಲದಲ್ಲಿ ಪೆಟ್ರೋಲು ಚೀಟಿಯ ಮೇಲೆ ಸಿಗುತ್ತಿದ್ದದ್ದು. ಹಾಗಾಗಿ ಗಳಿಗೆಗೊಮ್ಮೆ ಕಡ್ಡಿ ಅದ್ದುವ ಪರಿಸ್ಥಿತಿ. ಒಂದು ದಿನ ದೊಡ್ಡವ್ವ ಹೇಳಿಯೇ ಬಿಟ್ಟರು. "ಇನ್ನ ನಾನು ಇಳಿಯಂಗಿಲ್ಲ. ಎಷ್ಟೈತಿ ಅಂತ ನಾನೇ ಹೇಳ್ತೀನಿ."

"ಹೆಂಗವ್ವಾ?" ಎಂದರು ಸಾಹುಕಾರರು.

"ಕೆಳಗ ಸಪ್ಪಳ ಆಗ್ತೈತಲ್ಲ. ಗುಳುಗುಳು ಅಂದ್ರ ಅರ್ಧ. ಗಳಗಳ ಅಂದ್ರ ಕಾಲು. ಸುಮ್ನಿದ್ರ ಒಂದೋ ತುಂಬೈತಿ, ಇಲ್ಲಾ ಏನೂ ಇಲ್ಲ."

ಕಡ್ಡಿ ಹಾಕಿ ನೋಡಿದರೆ ಪ್ರತಿ ಸಲವೂ ಸರಿ. ಒಂದು ಸಲ ಪೆಟ್ರೋಲು ತಪಾಸಣೆಯ ಅಧಿಕಾರಿಯೊಬ್ಬ ಬಂದ. ದೊಡ್ಡವ್ವ ಆಗಲೇ ಕಾರಿನಲ್ಲಿ ಕೂತಾಗಿತ್ತು. "ಅಮ್ಮಾ, ಸ್ವಲ್ಪ ಇಳೀಬೇಕು, ಅಳತೆ ನೋಡಬೇಕು" ಎಂದ.

ದೊಡ್ಡವ್ವ ಇಳಿಯಲಿಲ್ಲ. ಕೂತಲ್ಲೇ ಒಮ್ಮೆ ಎಡಕ್ಕೂ ಬಲಕ್ಕೂ ಅಲುಗಿದರು. ಇಡೀ ಕಾರು ದೋಣಿಯ ಹಾಗೆ ತೂಗಿತು. ಕಣ್ಣು ಮುಚ್ಚಿ ಕೇಳಿಸಿಕೊಂಡು, "ಮೂರು ಗ್ಯಾಲನ್. ಬರ್ಕೊ," ಎಂದರು.

ಅಧಿಕಾರಿ ಸಾಹುಕಾರರ ಮುಖ ನೋಡಿದ. ಸಾಹುಕಾರರು ಆಕಾಶ ನೋಡಿದರು. ಆತ ಬರೆದುಕೊಂಡ. ಅಳತೆ ಮಾಡಿದವರ ಸಹಿ ಎಂದಿದ್ದ ಜಾಗದಲ್ಲಿ ದೊಡ್ಡವ್ವ ಹೆಬ್ಬೆಟ್ಟು ಒತ್ತಿದರು.

ಫೌಂಟನ್ ಪೆನ್ನಿನ ಹಾಗೆ

ಬಿಳಿಯರು ಊರು ಬಿಟ್ಟು ಹೊರಟಾಗ ಅವರ ಸಾಮಾನೆಲ್ಲ ಮಾರಾಟಕ್ಕೆ ಬಂತು. ಸಾಹುಕಾರರು ಒಬ್ಬ ದೊರೆಯ ಹತ್ತಿರ ದೊಡ್ಡ ಅಮೆರಿಕನ್ ಕಾರು ಕೊಂಡರು. ಕೆನೆಬಣ್ಣ. ಉದ್ದ ಎಷ್ಟೆಂದರೆ ಮುಂಭಾಗ ಕೊಟ್ಟಿಗೆಯೊಳಗೆ ಹೋದ ಮೇಲೂ ಹಿಂಭಾಗ ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿರುತ್ತಿತ್ತು. ದೊರೆಯ ಡ್ರೈವರು ತೊಟ್ಟಿ ತುಂಬಿಸಿ ತಂದು, ಕೀಲಿ ಕೊಟ್ಟು, ಅವತ್ತಿನ ರೈಲಿಗೇ ಮದ್ರಾಸಿಗೆ ಹೋದ.

ಒಂದು ವಾರಕ್ಕೆ ಮುಳ್ಳು ಕೆಳಗಿಳಿಯಿತು. ನಮ್ಮನೆಯವರು ಪೆಟ್ರೋಲಿನ ಡಬ್ಬಿ ಹಿಡಿದುಕೊಂಡು ಕಾರಿನ ಸುತ್ತ ಒಂದು ಸುತ್ತು ಬಂದರು. ಇನ್ನೊಂದು ಸುತ್ತು ಬಂದರು. ಬಾಯಿ ಇಲ್ಲ. ಬಲಕ್ಕಿಲ್ಲ, ಎಡಕ್ಕಿಲ್ಲ, ಸೀಟಿನ ಕೆಳಗಿಲ್ಲ, ಡಿಕ್ಕಿಯಲ್ಲಿಲ್ಲ. ಕೆಳಗೆ ಮಲಗಿ ನೋಡಿದರೆ ತೊಟ್ಟಿ ಕಾಣುತ್ತದೆ. ಅದರಿಂದ ಒಂದು ಕೊಳವೆ ಮೇಲಕ್ಕೆ ಹೋಗಿ ತಗಡಿನೊಳಗೆ ಮಾಯ.

ಸುದ್ದಿ ಹಬ್ಬಿ ಜನ ಸೇರಿದರು. ಸೈಕಲ್ ಅಂಗಡಿಯವನು ಎಲ್ಲ ಕಡೆ ಬೆರಳಿನಿಂದ ಬಡಿದು ನೋಡಿದ. ಕಮ್ಮಾರ, "ಎಲ್ಲಿ ಬೇಕಂತ ಹೇಳ್ರಿ, ತೂತು ಹೊಡಕೊಡ್ತೀನಿ," ಎಂದ. ಜಿನ್ನಿನ ಗುಮಾಸ್ತರು ಕನ್ನಡಕ ಏರಿಸಿ ಒಂದು ತೀರ್ಮಾನ ಕೊಟ್ಟರು. "ಇದು ಫೌಂಟನ್ ಪೆನ್ನಿನ ಪದ್ಧತಿ. ಬಾಯಿಂದ ಹಾಕೂದಲ್ಲ. ಮೂತಿ ಅದ್ದಿದ್ರ ತಾನೇ ಹೀರ್ಕೊಂತೈತಿ."

"ಅಷ್ಟು ದೊಡ್ಡ ದೌತಿ ಎಲ್ಲಿಂದ ತರೋಣ್ರಿ?" ಎಂದರು ನಮ್ಮನೆಯವರು.

ಸಾಹುಕಾರರ ಕಷ್ಟ ಬೇರೆ. ಅವರು ಅದಾಗಲೇ ಗೆಳೆಯರ ಮುಂದೆ, ಈ ಕಾರಿನ ಒಂದೊಂದು ಮೊಳೆಯೂ ತಮಗೆ ಗೊತ್ತು ಎಂದು ಹೇಳಿಯಾಗಿತ್ತು. ಭಾವಮೈದುನ ಅದೇ ಸಮಯ ನೋಡಿ ಮೀಸೆ ಸವರಿದ. "ಬಾವಾ, ಮದ್ರಾಸಿನಾಗ ಇಂಥಾವು ನಾನು ಹತ್ತು ಓಡಿಸೀನಿ. ನಿಮ್ಮ ಡ್ರೈವರಿಗೆ ಹಿಂದಕ್ಕ ಹೋಗೂದೊಂದೇ ಗೊತ್ತಿರೋದು."

ಸಾಹುಕಾರರು ನಮ್ಮನೆಯವರ ಕಡೆ ತಿರುಗಿದರು. "ಸೋಮವಾರದೊಳಗ ಬಾಯಿ ಹುಡುಕು. ಇಲ್ಲಾಂದ್ರ ಕೀಲಿ ಅವನ ಕೈಯಾಗ ಇಡು."

ಅವತ್ತು ಗುರುವಾರ. ನಾವಿಬ್ಬರೂ ಊಟ ಮಾಡಲಿಲ್ಲ. ಶುಕ್ರವಾರ ಬೆಳಿಗ್ಗೆ ನಾನು ಎಂದಿನಂತೆ ಹೊಸ್ತಿಲಿಗೆ, ಒಲೆಗೆ, ಬೀಸುವ ಕಲ್ಲಿಗೆ ಅರಿಸಿನ ಕುಂಕುಮ ಹಚ್ಚಿದೆ. ಅನ್ನ ಕೊಡುವುದು ಅದೇ ಅಲ್ಲವೇ ಎಂದು ಕಾರಿಗೂ ಹಚ್ಚುವುದು ನನ್ನ ರೂಢಿ. ಅಡುಗೆಮನೆಯ ಬಾಗಿಲಿಗೆ ಹತ್ತಿರ ಇದ್ದದ್ದು ಅದರ ಹಿಂಭಾಗ. ಎಡಗಡೆಯ ಕೆಂಪು ದೀಪದ ಬುಡದಲ್ಲಿ ಒಂದು ಪುಟ್ಟ ಕೆಂಪು ಗಾಜಿನ ಗುಂಡಿ ಇತ್ತು, ಕಿವಿಗಿಟ್ಟ ಹರಳಿನ ಹಾಗೆ. ಅದೇ, ನಾನು ಹೆಸರಿಟ್ಟದ್ದು. ಚಂದ ಇದೆ ಅಂತ ಅದಕ್ಕೂ ಕುಂಕುಮ ಹಚ್ಚಿದೆ. ಗಾಜಿಗೆ ಕುಂಕುಮ ಅಂಟಲಿಲ್ಲ. ಹೆಬ್ಬೆರಳಿಟ್ಟು ಗಟ್ಟಿಯಾಗಿ ಒತ್ತಿದೆ.

ಟಕ್ ಎಂದಿತು. ದೀಪ ಇಡಿಯಾಗಿ ಹೆಡೆ ಎತ್ತಿ ನಿಂತಿತು.

ನನ್ನ ಕೈಯ ಬಟ್ಟಲು ಬಿತ್ತು. "ಏನ್ರೀ! ಲಗೂನ ಬರ್ರಿ! ದೀಪ ಮುರಿದೆ ಕಾಣ್ತೈತ್ರಿ!"

ಅವರು ಓಡಿ ಬಂದರು. ಎದ್ದ ದೀಪದ ಕೆಳಗೆ ದುಂಡನೆಯ ಮುಚ್ಚಳ. ತಿರುವಿದರೆ ಘಮ್ಮೆಂದು ಪೆಟ್ರೋಲಿನ ವಾಸನೆ. ಅವರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. "ದೀಪದ ಬುಡಕ್ಕ ಪೆಟ್ರೋಲು! ಇದನ್ನ ಮಾಡಿದವಗ ಹೆಂಡ್ರು ಮಕ್ಕಳು ಇದ್ರೋ ಇಲ್ಲೋ!"

ಮರುಕ್ಷಣ ಎದ್ದು ಸಾಹುಕಾರರಿಗೆ ಹೇಳಲು ಓಡಿದರು. ನಾನು ಅಂಗಿ ಹಿಡಿದು ಎಳೆದೆ.

"ಎಲ್ಲಿಗೆ? ಬಾಯಿ ಎಲ್ಲೈತಿ ಅಂತ ನಿಮಗೊಬ್ರಿಗೇ ಗೊತ್ತಿದ್ರ ಕಾರು ನಿಮ್ಮ ಕೈಯಾಗ ಇರ್ತೈತಿ. ಎಲ್ಲಾರಿಗೂ ಗೊತ್ತಾದ್ರ ಅವರ ಭಾವಮೈದುನನ ಕೈಯಾಗ."

ಅವರು ನಿಂತರು. ಅರಿಸಿನ ಕುಂಕುಮದ ಕೈ ಅಂಗಿಯ ಮೇಲೆ ಮೂಡಿತ್ತು.

ಸೋಮವಾರ ಸಾಹುಕಾರರು ನಾಲ್ಕು ಜನ ಗೆಳೆಯರನ್ನು ಕೂರಿಸಿಕೊಂಡೇ ಕರೆಸಿದರು. ಮುಳ್ಳು ಮೇಲಿತ್ತು. "ಸಿಕ್ತೇನು? ಎಲ್ಲಿತ್ತು?"

ನಮ್ಮನೆಯವರು ಕೈ ಕಟ್ಟಿ ನಿಂತು ಹೇಳಿದರು. "ತಮಗ ಗೊತ್ತಿದ್ದ ಜಾಗದಾಗೇ ಇತ್ರಿ ಧಣ್ಯಾರ."

ಸಾಹುಕಾರರು ಗೆಳೆಯರ ಕಡೆ ನೋಡಿದರು. ಗೆಳೆಯರು ಸಾಹುಕಾರರ ಕಡೆ ನೋಡಿದರು.

"ಹೌದ್ಹೌದು," ಎಂದರು ಸಾಹುಕಾರರು. "ನಾ ಅವತ್ತೇ ಅನ್ಕೊಂಡಿದ್ದೆ."

ಕಂಬಳಿ

ಅಲ್ಲಿಂದ ಮುಂದೆ ಕಾರಿಗೆ ಪೆಟ್ರೋಲು ಹಾಕುವುದೆಂದರೆ ಬಾಣಂತಿಯ ಕೋಣೆಯ ಕಟ್ಟುನಿಟ್ಟು. ಕೊಟ್ಟಿಗೆಯಿಂದ ಹೊರಗೆ ಉಳಿದ ಭಾಗಕ್ಕೆಲ್ಲ ಮರೆಯಾಗಿ ಒಂದು ಕರಿ ಕಂಬಳಿ ಕಟ್ಟುವುದು. ಡಬ್ಬಿ, ಲಾಳಿಕೆ ಹಿಡಿದುಕೊಂಡು ಅವರು ಒಳಗೆ. ಹೊರಗೆ ನಾನು ಮೆಣಸಿನಕಾಯಿ ಒಣಗಿಸುತ್ತಾ ಕಾವಲು. ಭಾವಮೈದುನ ಆ ಕಡೆ ಸುಳಿದರೆ ಒಂದು ಹಿಡಿ ಮೆಣಸಿನಕಾಯಿ ಕೊಡವುತ್ತಿದ್ದೆ. ಆತ ಸೀನುತ್ತಾ ಹಿಂದಿರುಗುತ್ತಿದ್ದ.

ದೊಡ್ಡವ್ವನ ಒಂದು ಅಭ್ಯಾಸ ಮಾತ್ರ ತಪ್ಪಿಸಲು ಆಗಲಿಲ್ಲ. ಈ ದೊಡ್ಡ ಕಾರಿನಲ್ಲಿ ಹಿಂದೆ ಕೂತರೂ ತಲೆ ತಿರುಗುವುದಿಲ್ಲ ಅಂತ, ಪ್ರಯಾಣ ಇದ್ದ ದಿನ ಒಂದು ತಾಸು ಮೊದಲೇ ಬಂದು ಹಿಂದಿನ ಸೀಟಿನಲ್ಲಿ ಕೂತುಬಿಡುವರು. ಹಳೆಯ ಹಠದಂತೆ ಇಳಿಯುವುದಿಲ್ಲ. ಅವರು ಕಣ್ಣು ಮುಚ್ಚಿ ತೂಕಡಿಸುತ್ತಿರುವಾಗಲೇ ಇವರು ಹಿಂದೆ ಮೆಲ್ಲಗೆ ತುಂಬಿಸಿ ಬರುತ್ತಿದ್ದರು. ವಯಸ್ಸಾದವರು, ನಿದ್ದೆ, ಏನು ಗೊತ್ತಾಗುತ್ತದೆ ಅಂತ ನಮ್ಮ ಲೆಕ್ಕ.

ಪೇಟೆಯ ಜನ ಕಂಬಳಿ ನೋಡಿ ಮಂತ್ರ ಎಂದರು. ಪಕ್ಕದ ಓಣಿಯ ಹೆಂಗಸೊಬ್ಬಳು ಮೂರು ವರ್ಷದ ಮಗುವನ್ನು ಎತ್ತಿಕೊಂಡು ನನ್ನ ಹತ್ತಿರ ಬಂದಳು. "ಯಕ್ಕಾ, ನಿನ್ನ ಗಂಡ ಬಾಯಿಲ್ಲದ ಕಾರಿಗೇ ಕುಡಿಸ್ತಾನ. ಇದಕ್ಕ ಬಾಯಿ ಐತಿ, ಆದರ ಒಂದು ತುತ್ತು ತಗೊಳ್ಳಂಗಿಲ್ಲ. ಒಂದೀಟು ಮಂತ್ರ ಹಾಕಿಸಿಕೊಡು."

ಏನು ಮಾಡುವುದು? ಕಂಬಳಿ ಕಟ್ಟಿ, ಮಗುವನ್ನು ಒಳಗೆ ಕರೆದುಕೊಂಡು ಹೋಗಿ ಬೆಲ್ಲ ಹಚ್ಚಿದ ರೊಟ್ಟಿ ತಿನ್ನಿಸಿ ಕಳಿಸಿದೆ. ಮರುದಿನ ಆರು ಮಕ್ಕಳು ಬಂದವು.

ಉಷ್ಣ

ಆ ದೊಡ್ಡ ಕಾರಿಗೂ ಒಂದು ರೋಗವಿತ್ತು. ಪೆಟ್ರೋಲಿನ ಪಂಪು, ಕೊಳವೆ ಎಲ್ಲವನ್ನೂ ಕಾದ ಇಂಜಿನ್ನಿನ ಮಗ್ಗುಲಲ್ಲೇ ಇಟ್ಟಿದ್ದರು. ಅಮೆರಿಕದಲ್ಲಿ ಮಂಜು ಬೀಳುತ್ತದಂತೆ, ಅಲ್ಲಿಗೆ ಸರಿ. ಬಳ್ಳಾರಿಯ ಏಪ್ರಿಲ್ಲಿನಲ್ಲಿ ಕೊಳವೆಯೊಳಗಿನ ಪೆಟ್ರೋಲು ಕುದ್ದು ಆವಿಯಾಗಿ, ಮುಂದೆ ಹೋಗುವುದಿಲ್ಲ ಹಿಂದೆ ಬರುವುದಿಲ್ಲ.

ಸಿರುಗುಪ್ಪದ ದಾರಿಯಲ್ಲಿ ಒಂದು ಮಧ್ಯಾಹ್ನ ಹಾಗೆ ನಿಂತಿತು. ದೊಡ್ಡವ್ವನ ನೀರಿನ ಚೊಂಬು, ಮಜ್ಜಿಗೆಯ ಗಡಿಗೆ ಹಿಡಿದುಕೊಂಡು ನಾನೂ ಜೊತೆಗಿದ್ದೆ. ಭಾವಮೈದುನ ಕೋಟು ಬಿಚ್ಚಿ, "ಕಾರ್ಬ್ಯುರೇಟರ್ ಹೋಗೈತಿ," ಎಂದು ನಮ್ಮನೆಯವರನ್ನು ಪಕ್ಕಕ್ಕೆ ಸರಿಸಿದ. ಒಂದೊಂದೇ ಭಾಗ ಬಿಚ್ಚಿ ತನ್ನ ಕರವಸ್ತ್ರದ ಮೇಲೆ ಸಾಲಾಗಿ ಇಟ್ಟ. ಆಮೇಲೆ ಅವುಗಳನ್ನು ನೋಡುತ್ತಾ ನಿಂತ. ಅವೂ ಆತನನ್ನು ನೋಡುತ್ತಾ ಇದ್ದವು.

ನಮ್ಮನೆಯವರು ಎಲ್ಲವನ್ನೂ ಮತ್ತೆ ಜೋಡಿಸುವ ಹೊತ್ತಿಗೆ ದೊಡ್ಡವ್ವ ಒಳಗಿನಿಂದ ಕೇಳಿದರು. "ಅದರ ಮೈ ಮುಟ್ಟಿ ನೋಡಿದ್ರೇನು?"

"ಕೆಂಡ ಆಗೈತ್ರಿ ದೊಡ್ಡವ್ವ."

"ಮತ್ತ? ಉಷ್ಣ ಆಗೈತಿ. ನನಗ ಆದಾಗ ಏನು ಮಾಡ್ತೀರಿ?"

ಅವರಿಗೆ ಉಷ್ಣವಾದಾಗ ಮಜ್ಜಿಗೆಯಲ್ಲಿ ಅದ್ದಿದ ಬಟ್ಟೆಯನ್ನು ನೆತ್ತಿಯ ಮೇಲೆ ಹಾಕುತ್ತಿದ್ದೆ. ಹಾಗೇ ಮಾಡಿದೆ. ನೆತ್ತಿ ಯಾವುದು ಎಂದು ನಮ್ಮನೆಯವರು ತೋರಿಸಿದರು, ಪಂಪಿನ ಮೇಲೆ ಬಟ್ಟೆ ಸುತ್ತಿದೆ. ಚುಸ್ ಎಂದಿತು. ಕಾಲು ಗಂಟೆಗೆ ಕಾರು ಎದ್ದು ಕೂತಿತು.

ಭಾವಮೈದುನ ಗುಣುಗಿದ. "ಇದು ಸೈನ್ಸ್ ಅಲ್ಲ."

"ಹೌದಪ್ಪ, ಮಜ್ಜಿಗಿ," ಎಂದರು ದೊಡ್ಡವ್ವ.

ಸಿರುಗುಪ್ಪ ಮುಟ್ಟುವವರೆಗೂ ಹುಳಿ ಮಜ್ಜಿಗೆಯ ಹಬೆ. ಪೇಟೆಯೊಳಗೆ ಹೋಗುವಾಗ ಹಿಂದೆ ಹನ್ನೊಂದು ನಾಯಿ ಇದ್ದವು. ಸಾಹುಕಾರರು ಇಳಿಯುವ ಮುಂಚೆ ಕೋಟಿನ ಗುಂಡಿ ಹಾಕಿಕೊಂಡು, ಅವುಗಳಿಗೂ ತಮಗೂ ಸಂಬಂಧವಿಲ್ಲ ಎಂಬಂತೆ ನಡೆದರು.

ಗಂಡಸರೆಲ್ಲ ತಿರುಗಿ ನಿಂತದ್ದು

ಕೊನೆಗೆ ಆ ದಿನ ಬಂದೇ ಬಂತು. ಭಾವಮೈದುನನಿಗೆ ಹಚ್ಚೊಳ್ಳಿಯಲ್ಲಿ ಹೆಣ್ಣು ಗೊತ್ತಾಯಿತು. ನಿಶ್ಚಯಕ್ಕೆ ಹೋಗುವ ಬೆಳಿಗ್ಗೆ ಆತ ಅಕ್ಕನ ಮುಂದೆ ಹಠ ಹಿಡಿದ. ಕುರುಗೋಡಿನಲ್ಲಿ ಮಾನ ಕಳೆದ ಡ್ರೈವರು ಬೇಡ, ತಾನೇ ಓಡಿಸಿಕೊಂಡು ಹೋಗುತ್ತೇನೆ, ಇನ್ನು ಮೇಲೆ ಎಂದಿಗೂ ತಾನೇ ಓಡಿಸುವವನು. ಅಕ್ಕ ಸಾಹುಕಾರರಿಗೆ ಹೇಳಿದಳು. ಸಾಹುಕಾರರು ನಮ್ಮನೆಯವರಿಗೆ ಹೇಳಿದರು. "ಕೀಲಿ ಕೊಡು. ಅಮಾವಾಸ್ಯೆ ತನಕ ಮನಿಯಾಗ ಇರ್ರಿ. ಆಮ್ಯಾಲ ಬ್ಯಾರೆ ಕಡೆ ನೋಡ್ಕೊಳ್ರಿ."

ಹೊಟ್ಟೆಯಲ್ಲಿ ನಾಲ್ಕು ತಿಂಗಳ ಕೂಸಿತ್ತು ನನಗೆ. ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡೆ.

ನಮ್ಮನೆಯವರು ಕೀಲಿ ಕೊಟ್ಟರು. ಒಳ್ಳೆಯ ಮನುಷ್ಯ, ಅಷ್ಟಕ್ಕೇ ಬಿಡಬಾರದೇ? "ಮುಳ್ಳು ಕೆಳಗೈತ್ರಿ. ಡಿಕ್ಕಿಯಾಗ ಎರಡು ಡಬ್ಬಿ ಇಟ್ಟೀನಿ. ಎಲ್ಲಿ ಹಾಕಬೇಕಂತ ತೋರಿಸ್ಲೇನ್ರಿ?"

ಬೇಡ ಎಂದು ಬಾಗಿಲ ಹಿಂದಿನಿಂದ ಬಳೆ ಸದ್ದು ಮಾಡಿದೆ.

"ನನಗ ಹೇಳಿಕೊಡಾಕ ಬಂದ್ಯೇನು?" ಎಂದ ಭಾವಮೈದುನ.

ದೇವರು ದೊಡ್ಡವನು ಎಂದುಕೊಂಡೆ. ಅಷ್ಟರಲ್ಲಿ ಕಾರಿನೊಳಗಿನಿಂದ ದೊಡ್ಡವ್ವ ಕೂಗಿದರು. "ಡ್ರೈವರು ಬ್ಯಾಡಂದ್ರ ಬಿಡ್ರಿ. ನನ್ನ ಚೊಂಬು ಯಾರು ಹಿಡೀತಾರ? ಆಕಿ ಬರ್ಲಿ." ಹಾಗಾಗಿ ಆರತಿಯ ತಟ್ಟೆ, ಕುಂಕುಮದ ಭರಣಿ, ನೀರಿನ ಚೊಂಬು ಹಿಡಿದು ನಾನು ಹತ್ತಿದೆ. ಸಾಹುಕಾರರು ಮುಂದೆ, ನಾವು ಇಬ್ಬರು ಹೆಂಗಸರು ಹಿಂದೆ. ಮಿಕ್ಕವರು ಬಸ್ಸಿನಲ್ಲಿ ಮೊದಲೇ ಹೋಗಿದ್ದರು.

ಸಿರುಗುಪ್ಪ ದಾಟಿ ಹಚ್ಚೊಳ್ಳಿಯ ದಾರಿಗೆ ಬಿದ್ದೆವು. ಎರಡೂ ಕಡೆ ಆಳೆತ್ತರದ ಜೋಳ. ಕಾರು ಒಮ್ಮೆ ಮುಗ್ಗರಿಸಿತು, ನಿಂತಿತು.

"ಪೆಟ್ರೋಲು ಮುಗೀತು, ಅಷ್ಟೇ," ಎಂದು ಭಾವಮೈದುನ ಇಳಿದು, ಡಿಕ್ಕಿಯಿಂದ ಡಬ್ಬಿ ತೆಗೆದು, ಮುಚ್ಚಳ ತಿರುವಿ, ಕಾರಿನ ಕಡೆ ಬಂದ. ಬಂದವನು ಸುತ್ತ ಒಂದು ಸುತ್ತು ಹೋದ. ಇನ್ನೊಂದು ಸುತ್ತು. ಮೂರನೆಯ ಸುತ್ತಿಗೆ ಆತನಿಗೆ ತೆಲುಗು ಬಂತು. ಗಾಬರಿಯಾದರೆ ಆತನಿಗೆ ತೆಲುಗೇ ಬರುತ್ತಿದ್ದದ್ದು.

"ಬಾವಾ, ಎಕ್ಕಡ ಉಂದಿ?"

"ಏನು ಎಲ್ಲೈತಿ?"

"ಅದೇ, ಬಾಯಿ."

"ನಿನಗ ಗೊತ್ತಿಲ್ಲೇನು? ಮದ್ರಾಸಿನಾಗ ಹತ್ತು ಓಡಿಸೀನಿ ಅಂದಿ!"

"ನೀವು ಒಂದೊಂದು ಮೊಳಿ ಗೊತ್ತೈತಿ ಅಂದ್ರಿ!"

ಕೈಯಲ್ಲಿ ಎರಡು ಡಬ್ಬಿ ತುಂಬ ಪೆಟ್ರೋಲು. ಕಾರು ಬಾಯಾರಿ ನಿಂತಿದೆ. ಕುಡಿಸಲು ದಾರಿಯಿಲ್ಲ. ಹೊಲದಲ್ಲಿದ್ದ ರೈತರು ಹತ್ತು ಹನ್ನೆರಡು ಜನ ಕುಡುಗೋಲು ಹಿಡಿದೇ ಬಂದು ಸುತ್ತುಗಟ್ಟಿದರು. ಒಬ್ಬ ಕೇಳಿದ. "ಸಾಹುಕಾರ್ರ, ಕಾರು ನಿಮ್ಮದೇನ್ರಿ?"

"ಹೂಂ."

"ಮನಿಯಾಗ ಎತ್ತಿಗೆ ನೀರು ಕುಡಸೂದು ಯಾವ ಕಡಿಂದ್ರಿ?"

ಜನ ಬಿದ್ದು ಬಿದ್ದು ನಕ್ಕರು. ಮುಹೂರ್ತಕ್ಕೆ ಇನ್ನು ಒಂದು ತಾಸು. ಕುರುಗೋಡಿನ ಕತೆ ಹಚ್ಚೊಳ್ಳಿಗೂ ಮುಟ್ಟಿರುವುದು ಭಾವಮೈದುನನಿಗೆ ಗೊತ್ತಿತ್ತು. ಸೂಟಿನೊಳಗೆ ಬೆವರು ಸುರಿಯುತ್ತಿತ್ತು. ಅವನನ್ನು ನೋಡಿ ನನಗೆ ಪಾಪ ಎನಿಸಿತು, ಆದರೆ ಅಮಾವಾಸ್ಯೆ ನೆನಪಾಗಿ ಪಾಪ ಎನಿಸುವುದು ನಿಂತಿತು.

ಭರಣಿ ಹಿಡಿದು ಇಳಿದೆ. "ಧಣ್ಯಾರ, ನಮ್ಮನಿಯವರು ಪೆಟ್ರೋಲು 'ಹಾಕ್ತಿರಲಿಲ್ಲ'ರಿ. ಪೂಜಿ ಮಾಡಿ ಕುಡಸ್ತಿದ್ರು. ಪೂಜಿ ಮಾಡ್ತಿದ್ದಾಕಿ ನಾನು. ಇದು ಹೆಣ್ಮಕ್ಕಳ ಪೂಜಿ. ಗಂಡಸರು ನೋಡಬಾರದು."

"ಇದೆಲ್ಲ ಮೂಢನಂಬಿಕೆ ಬಾವಾ!" ಎಂದು ಭಾವಮೈದುನ ಬಾಯಿ ತೆಗೆದ.

ಕಾರಿನೊಳಗಿನಿಂದ ಒಂದೇ ಒಂದು ಮಾತು ಸಿಡಿಯಿತು. "ತಿರುಗಲೇ ಆಕಡೆ!"

ದೊಡ್ಡವ್ವನ ಧ್ವನಿ. ಭಾವಮೈದುನ ತಿರುಗಿದ. ಸಾಹುಕಾರರು ತಿರುಗಿದರು. ಹನ್ನೆರಡು ಜನ ರೈತರೂ ಕುಡುಗೋಲು ಸಮೇತ ತಿರುಗಿ ಜೋಳದ ಕಡೆ ಮುಖ ಮಾಡಿದರು. ಒಂದು ಎತ್ತು ಮಾತ್ರ ನನ್ನನ್ನೇ ನೋಡುತ್ತಿತ್ತು. ಅದು ಯಾರಿಗೂ ಹೇಳಲಿಲ್ಲ.

"ಪೂಜಿಗೆ ಮೊದಲ ಒಂದು ಮಾತು ಬೇಕ್ರಿ ಧಣ್ಯಾರ," ಎಂದೆ ಅವರ ಬೆನ್ನಿಗೆ. "ಈ ಕಾರು ಇರೂತನಕ ಕೀಲಿ ನಮ್ಮನಿಯವರ ಕೈಯಾಗ."

ಜೋಳ ಅಲುಗಿತು.

"ಹೂಂ," ಎಂದಿತು ಬೆನ್ನು.

"ಆ ಎರಡು ಕೋಣಿ?"

"ಹೂಂ ಅಂದೆನಲ್ಲವ್ವ! ಪೂಜಿ ಮಾಡು!"

ಮೊದಲು ಇಪ್ಪತ್ತು ಕಡೆ ಕುಂಕುಮ ಹಚ್ಚಿದೆ, ಯಾವುದು ಅಸಲು ಅಂತ ಆಮೇಲೆ ಯಾರಿಗೂ ತಿಳಿಯಬಾರದು. ಗಾಲಿಗೆ, ಹಿಡಿಕೆಗೆ, ಎಲ್ಲ ದೀಪಕ್ಕೂ. ಕೊನೆಗೆ ಎಡಗಡೆಯ ಗುಂಡಿ ಒತ್ತಿದೆ. ಟಕ್ ಎನ್ನುವುದು ಕೇಳಿಸಬಾರದೆಂದು ಆರತಿಯ ಹಾಡು ಎತ್ತಿಕೊಂಡೆ. ಡಬ್ಬಿ ಬಗ್ಗಿಸಿದರೆ ಗುಳುಗುಳು ಸದ್ದು. ನನ್ನ ಒಬ್ಬಳ ದನಿ ಸಾಲದು ಎನ್ನುವಾಗಲೇ ದೊಡ್ಡವ್ವ ಒಳಗಿನಿಂದ ಸೇರಿಕೊಂಡರು. ಗುಳುಗುಳು ಜೋರಾದ ಹಾಗೆ ಅವರ ಹಾಡೂ ಜೋರಾಯಿತು. ಮುಹೂರ್ತದ ಅವಸರಕ್ಕೆ ಎರಡನೆಯ ಡಬ್ಬಿಯ ತಳದ ಒಂದಿಷ್ಟನ್ನು ಬಿಟ್ಟು ನಾನು ದೀಪ ಮುಚ್ಚಿದ ತಕ್ಷಣ, ಅರ್ಧ ಸಾಲಿಗೇ ಹಾಡು ನಿಲ್ಲಿಸಿದರು.

ಕಾರು ನಾಲ್ಕು ಸಲ ಕೆಮ್ಮಿ ಎದ್ದಿತು. ನಾವು ಮುಹೂರ್ತಕ್ಕೆ ಮುಟ್ಟಿದೆವು, ಅದೂ ಮುಖ ಮುಂದೆ ಮಾಡಿಕೊಂಡು. ಮೈಯೆಲ್ಲ ಕುಂಕುಮ ಹಚ್ಚಿಕೊಂಡು ಬಂದ ಕಾರು ನೋಡಿ ಹೆಣ್ಣಿನ ಕಡೆಯವರು ಎಂಥ ಶಾಸ್ತ್ರವಂತ ಜನ ಎಂದು ಕೈ ಮುಗಿದರು.

ಆ ಸಂಜೆ ದೊಡ್ಡವ್ವನ ಕಾಲು ಒತ್ತುತ್ತಾ ಕೂತಿದ್ದೆ. ಕಣ್ಣು ಮುಚ್ಚಿಕೊಂಡೇ ಕೇಳಿದರು. "ಎರಡನೇ ಡಬ್ಬಿ ಪೂರ್ತಿ ಹಾಕಲಿಲ್ಲಲ್ಲ, ಯಾಕ?"

ನನ್ನ ಕೈ ನಿಂತಿತು.

"ಒಂದು ಚೊಂಬು ಉಳಿಸಿದಿ. ಕೇಳಿಸ್ತು ನನಗ. ಎಡಗಡೆ, ನನ್ನ ಬೆನ್ನಿನ ಹಿಂದ. ಎಷ್ಟು ವರ್ಷದಿಂದ ಕೇಳಾಕ ಹತ್ತೀನಿ, ಕಂಬಳಿ ಕಟ್ಟಿದ್ರ ಕಿವಿ ಮುಚ್ತಾವೇನು?"

"ಮತ್ತ ಯಾರಿಗೂ ಹೇಳಲಿಲ್ಲಲ್ರಿ ದೊಡ್ಡವ್ವ?"

"ಹೇಳಿದ್ರ ಆ ಸೂಟಿನವ ಓಡಿಸ್ತಿದ್ದ. ಇವತ್ತು ನೋಡಿದ್ಯಲ್ಲ, ಅವನ ಕೈಯಾಗ ನನ್ನ ಇರೋ ನಾಲ್ಕು ಹಲ್ಲೂ ಉಳೀತಿರಲಿಲ್ಲ. ಒತ್ತು, ಒತ್ತು."

ಸಾಹುಕಾರರು ಕಾರನ್ನು ಮಾರುವವರೆಗೂ ಕೀಲಿ ನಮ್ಮನೆಯವರ ಕೈಯಲ್ಲೇ ಇತ್ತು. ಕೊಳ್ಳಲು ಬಂದವರು ಹೊಸಪೇಟೆಯ ಒಬ್ಬ ಯಜಮಾನರು. ಸುತ್ತ ಎರಡು ಸುತ್ತು ಬಂದು, "ಸಾಹುಕಾರ್ರ, ಇದಕ್ಕ ಪೆಟ್ರೋಲು ಎಲ್ಲಿ ಹಾಕ್ತಾರ್ರಿ?" ಎಂದರು.

ಸಾಹುಕಾರರು ಮೀಸೆ ತಿರುವಿ, ಎಲ್ಲ ಬಲ್ಲವರ ಧ್ವನಿಯಲ್ಲಿ ಹೇಳಿದರು. "ಅದು ನಿಮ್ಮಿಂದ ಆಗೂದಲ್ರಿ. ಒಂದು ಭರಣಿ ಕುಂಕುಮ, ಇಬ್ಬರು ಹೆಣ್ಮಕ್ಕಳು ಬೇಕು. ನೀವು ಮಾತ್ರ ಜೋಳದ ಕಡಿ ಮುಖ ಮಾಡಿ ನಿಂತ್ರ ಸಾಕು."

ಬುಗುಡಿ! ಹೌದು, ಬುಗುಡಿ ಅಂತಿದ್ದೆ ನಾನು ಆ ಕೆಂಪು ಗುಂಡಿಗೆ. ಕಾರಿನ ಬುಗುಡಿ. ಅಡುಗೆಮನೆಯಲ್ಲಿ ಏನು ಮಾಡ್ತಿದ್ದೀಯೇ, ಬಾ ಇಲ್ಲಿ ಮೊಮ್ಮಗಳೇ. ಕನ್ನಡಕ ತೆಗೆದಿಟ್ಟುಬಿಟ್ಟೆ, ಆ ಕ್ಯಾಲೆಂಡರಿನ ಮೇಲೆ ದೊಡ್ಡ ಅಕ್ಷರದಲ್ಲಿ ಇದೊಂದು ಬರಕೊ, ಮತ್ತೆ ಹೋದೀತು.